ಎರಡು ಸಾವಿರ ಖಾತೆಗೆ ಬಿದ್ದ ಮೇಲೆ: ನೇರ ನಗದು ನೆರವು ಬಡವರ ಮನೆಯೊಳಗೆ ಏನು ಮಾಡುತ್ತದೆ?

ಅರಸೀಕೆರೆ ತಾಲ್ಲೂಕಿನ ನಮ್ಮೂರಲ್ಲಿ ಹೆಂಗಸರು ಮೊಬೈಲಿಗೆ ಬಂದ ಮೆಸೇಜ್ ಓದಿಸಿಕೊಳ್ಳಲು ಪಿಯುಸಿ ಓದುವ ಹುಡುಗನೊಬ್ಬನ ಹತ್ತಿರ ಬರುತ್ತಾರೆ. ‘ನೋಡೋ ಮಗಾ, ಇದು ಗೃಹಲಕ್ಷ್ಮೀದಾ, ಇಲ್ಲಾ ಕರೆನ್ಸಿ ಮುಗೀತು ಅಂತಾನಾ?’ ಅವನು ಓದಿ ‘ಅತ್ತೆ, ಎರಡು ಸಾವಿರ ಬಿದ್ದದೆ’ ಅಂದರೆ ಸಾಕು. ಯಾರಿಗೆ ಬಂತು, ಯಾರಿಗೆ ಬಂದಿಲ್ಲ ಎಂಬ ಪಟ್ಟಿ ಸಂಜೆಯೊಳಗೆ ಬೀದಿಯಲ್ಲೇ ತಯಾರಾಗುತ್ತದೆ.

ಟೀ ಅಂಗಡಿಯ ಬೆಂಚಿನ ಮೇಲೆ ಬೇರೆ ಮಾತು. ‘ಬಿಟ್ಟಿ ದುಡ್ಡು ಕೊಟ್ಟು ಜನಾನ ಹಾಳು ಮಾಡ್ತಾವ್ರೆ’ ಎಂದು ಒಬ್ಬರು, ‘ಅದೂ ಇಲ್ದಿದ್ರೆ ಮಕ್ಳ ಪುಸ್ತಕಕ್ಕೆ ಯಾರ್ ಕೊಡೋರು’ ಎಂದು ಇನ್ನೊಬ್ಬರು. ಮನೆಯ ಯಜಮಾನಿಯ ಖಾತೆಗೆ ರಾಜ್ಯ ಸರ್ಕಾರ ತಿಂಗಳಿಗೆ 2,000 ರೂಪಾಯಿ ಹಾಕುವ ಗೃಹಲಕ್ಷ್ಮಿ ಯೋಜನೆ ಶುರುವಾದದ್ದು 2023ರ ಆಗಸ್ಟ್ 30ರಂದು, ಮೈಸೂರಿನಲ್ಲಿ. ಈಗ ರಾಜ್ಯದ ಸುಮಾರು 1.2 ಕೋಟಿ ಮಹಿಳೆಯರು ಅದರ ಫಲಾನುಭವಿಗಳು. ಪಶ್ಚಿಮ ಬಂಗಾಳ, ಮಧ್ಯಪ್ರದೇಶ, ತಮಿಳುನಾಡು, ಮಹಾರಾಷ್ಟ್ರಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಮಹಿಳೆಯರ ಖಾತೆಗೆ ತಿಂಗಳ ಹಣ ಹೋಗುತ್ತಿದೆ. ಕೊಡಬೇಕೋ ಬೇಡವೋ ಎಂಬ ವಾದವನ್ನು ಬೆಂಚಿಗೇ ಬಿಟ್ಟು, ಹೀಗೆ ಬಂದ ಹಣ ಮನೆಯೊಳಗೆ ಹೊಕ್ಕ ಮೇಲೆ ಎಲ್ಲೆಲ್ಲಿ ಓಡಾಡುತ್ತದೆ, ಏನನ್ನು ಬದಲಿಸುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಬಿಂದಿಗೆಯೋ ಮುಯ್ಯಿಯೋ

ಮದುವೆಗೆ ಹೋದವರಲ್ಲಿ ಕೆಲವರು ಸ್ಟೀಲ್ ಬಿಂದಿಗೆ ಕೊಡುತ್ತಾರೆ, ಕೆಲವರು ಕವರಿನಲ್ಲಿ ಮುಯ್ಯಿ ಹಾಕುತ್ತಾರೆ. ಎರಡೂ ಪ್ರೀತಿಯಿಂದ ಕೊಟ್ಟದ್ದೇ. ಆದರೆ ಹತ್ತು ಬಿಂದಿಗೆ ಬಂದ ಮನೆಗೆ ಹನ್ನೊಂದನೆಯದರಿಂದ ಏನೂ ಆಗಬೇಕಾದ್ದಿಲ್ಲ. ಕವರಿನ ದುಡ್ಡು ಶಾಮಿಯಾನದವನಿಗೋ ಅಡುಗೆಯವರಿಗೋ, ಆ ಹೊತ್ತಿಗೆ ಯಾರು ಬಾಗಿಲಲ್ಲಿ ನಿಂತಿದ್ದಾರೋ ಅವರಿಗೆ ಸಲ್ಲುತ್ತದೆ. ಸರ್ಕಾರದ ನೆರವಿನಲ್ಲೂ ಈ ಎರಡು ಬಗೆ ಇವೆ. ಪಡಿತರದ ಅಕ್ಕಿ-ರಾಗಿ, ಶಾಲೆಯ ಬಿಸಿಯೂಟ ಬಿಂದಿಗೆಯ ಹಾಗೆ, ವಸ್ತುವಿನ ರೂಪದವು. ಹಣವನ್ನೇ ಫಲಾನುಭವಿಯ ಬ್ಯಾಂಕ್ ಖಾತೆಗೆ ಹಾಕುವುದು ನೇರ ನಗದು ವರ್ಗಾವಣೆ. ಜನರ ಬಾಯಲ್ಲಿ ಅದು ಡಿಬಿಟಿ. ದೇಶದಲ್ಲಿ ಈ ವ್ಯವಸ್ಥೆ 2013ರ ಜನವರಿ 1ರಂದು ಶುರುವಾಯಿತು. 2014ರ ಆಗಸ್ಟ್‌ನಲ್ಲಿ ಜನಧನ್ ಖಾತೆಗಳು ಬಂದ ಮೇಲೆ ಹಳ್ಳಿಯ ಮೂಲೆಮೂಲೆಗೂ ಹರಡಿತು.

ನಗದಿನಲ್ಲೂ ಎರಡು ತರಹ. ‘ಇದನ್ನು ಮಾಡಿದರೆ ಕೊಡುತ್ತೇವೆ’ ಎನ್ನುವುದು ಷರತ್ತಿನ ಹಣ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ ಸಿಗುವ 5,000 ರೂಪಾಯಿ ಅಂಥದ್ದು. ಗರ್ಭಿಣಿಯ ಹೆಸರು ನೋಂದಣಿ ಆಗಿರಬೇಕು, ತಪಾಸಣೆ ಆಗಿರಬೇಕು, ಮಗುವಿಗೆ ಲಸಿಕೆ ಹಾಕಿಸಿರಬೇಕು. ಗೃಹಲಕ್ಷ್ಮಿಯ 2,000, ವೃದ್ಧರ ಸಂಧ್ಯಾ ಸುರಕ್ಷಾದ 1,200, ರೈತರ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗಳಿಗೆ ಇಂಥ ಷರತ್ತಿಲ್ಲ. ಅರ್ಹತೆ ಇದ್ದರೆ ಸಾಕು, ಖರ್ಚು ಹೇಗೆ ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ.

ಒಂದು ಮನೆಯ ಲೆಕ್ಕ

ಅರಸೀಕೆರೆ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ, ಹೆಂಡತಿ, ಶಾಲೆಗೆ ಹೋಗುವ ಎರಡು ಮಕ್ಕಳು, ವಯಸ್ಸಾದ ಅತ್ತೆ. ಒಂದೂವರೆ ಎಕರೆ ಖುಷ್ಕಿ ಜಮೀನು, ಅದರಲ್ಲಿ ರಾಗಿ, ಬದುವಿನಲ್ಲಿ ನಾಲ್ಕು ತೆಂಗಿನ ಮರ. ಉಳಿದ ದಿನ ಕೂಲಿ. ಐದು ಜನರ ಈ ಮನೆಗೆ ತಿಂಗಳಿಗೆ 2,000 ಎಂದರೆ ತಲೆಗೆ ದಿನಕ್ಕೆ 13 ರೂಪಾಯಿ ಚಿಲ್ಲರೆ. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370. ಆ ಲೆಕ್ಕದಲ್ಲಿ ಈ ಹಣ ಒಬ್ಬರ ಐದೂವರೆ ದಿನದ ಕೂಲಿಗೆ ಸಮ. ಇಷ್ಟರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಹಾಗಿದ್ದರೆ ಇಷ್ಟು ಸಣ್ಣ ಹಣ ಒಂದು ಮನೆಯನ್ನು ಹೇಗೆ ಬದಲಿಸೀತು?

ಉತ್ತರ ಸಿಗಬೇಕಾದರೆ ಆ ಮನೆಗೆ ದುಡ್ಡು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ನೋಡಬೇಕು. ಸಂಬಳದವರಿಗೆ ತಿಂಗಳು ಎಂಬ ಅಳತೆಯಿದೆ. ಈ ಮನೆಗೆ ಇಲ್ಲ. ಸುಗ್ಗಿ ಆಗುವುದು ಕಾರ್ತೀಕ, ಮಾರ್ಗಶಿರದ ಹೊತ್ತಿಗೆ. ಕೂಲಿ ಇರುವುದು ಕಳೆ, ಕೊಯ್ಲಿನ ವಾರಗಳಲ್ಲಿ. ಖರ್ಚು ಮಾತ್ರ ಎಲ್ಲ ತಿಂಗಳೂ ಇದೆ. ಅದರಲ್ಲೂ ಜೂನ್ ಬಂತೆಂದರೆ ಮಕ್ಕಳ ಶಾಲೆ, ಬಿತ್ತನೆ ಬೀಜ, ಗೊಬ್ಬರ ಒಟ್ಟೊಟ್ಟಿಗೆ ಬಂದು ನಿಲ್ಲುತ್ತವೆ. ಕಾಳು ತುಂಬಿಡುವ ವಾಡೆಯ ತಳ ಕಾಣುವ ಕಾಲವೂ ಅದೇ. ಆಷಾಢ, ಶ್ರಾವಣ ದಾಟುವುದೇ ದೊಡ್ಡದು. ಬಡತನ ಎಂದರೆ ಕಡಿಮೆ ಆದಾಯ ಎಂದಷ್ಟೇ ನಾವು ತಿಳಿಯುತ್ತೇವೆ. ಬೇಕಾದ ದಿನ ಕೈಯಲ್ಲಿ ಇಲ್ಲದಿರುವುದೂ ಬಡತನವೇ, ಮತ್ತು ಅದರ ದಂಡ ದೊಡ್ಡದು.

ಮೊದಲು ಸಡಿಲವಾಗುವುದು ಕೈಸಾಲದ ಗಂಟು

ಆ ದಂಡದ ಹೆಸರು ಬಡ್ಡಿ. ಗೊಬ್ಬರಕ್ಕೆಂದು 10,000 ರೂಪಾಯಿ ಕೈಸಾಲ ಮಾಡಿದರು ಅನ್ನಿ. ನೂರಕ್ಕೆ ಮೂರರ ಬಡ್ಡಿ ಎಂದರೆ ತಿಂಗಳಿಗೆ 300, ವರ್ಷಕ್ಕೆ 3,600. ನೂರಕ್ಕೆ ಐದಾದರೆ ವರ್ಷಕ್ಕೆ 6,000, ಪಿಎಂ ಕಿಸಾನ್‌ನ ಅಷ್ಟೂ ಹಣ ಬಡ್ಡಿಗೇ ಸರಿ. ಕೈಸಾಲ ಹುಟ್ಟದಿದ್ದರೆ ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ. ಹಬ್ಬಕ್ಕೆ ಬಿಡಿಸಿಕೊಳ್ಳುತ್ತೇವೆ ಎಂದುಕೊಂಡದ್ದು ಎಷ್ಟೋ ಮನೆಗಳಲ್ಲಿ ಹರಾಜಾಗಿದೆ.

ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಬಡ್ಡಿಯಿದೆ. ದಿನಸಿ ಅಂಗಡಿಯ ಉದ್ರಿ ಪುಸ್ತಕ. ಉದ್ದಕ್ಕೆ ಮಡಿಚಿದ, ಎಣ್ಣೆ ಕೈ ತಾಗಿ ಅಂಚು ಕಪ್ಪಾದ ಪುಸ್ತಕ ಅದು. ಒಂದೊಂದು ಮನೆಗೆ ಒಂದೊಂದು ಪುಟ. ಉದ್ರಿಯಲ್ಲಿ ತರುವವರು ರೇಟು ಕೇಳುವ ಹಾಗಿಲ್ಲ, ಕಾಳು ಹುಳು ಹಿಡಿದಿದ್ದರೂ ವಾಪಸ್ ಕೊಡುವ ಹಾಗಿಲ್ಲ, ವಾರದ ಸಂತೆಯಲ್ಲಿ ಅದೇ ಸಾಮಾನು ಅಗ್ಗವಾಗಿ ಸಿಕ್ಕರೂ ಅತ್ತ ತಿರುಗುವ ಹಾಗಿಲ್ಲ. ಕೈಯಲ್ಲಿ ನಗದಿದ್ದರೆ ಮೂರಕ್ಕೂ ಅವಕಾಶ. ಅದೇ ಎಣ್ಣೆ, ಅದೇ ಬೇಳೆ, ನಾಲ್ಕು ಕಾಸು ಕಡಿಮೆಗೆ. ನನಗೆ ಗೊತ್ತಿರುವ ಅಕ್ಕ ಒಬ್ಬರು ಗೃಹಲಕ್ಷ್ಮಿ ಹಣ ಬಂದ ಮೊದಲ ಕೆಲವು ತಿಂಗಳು ಬೇರೇನೂ ಕೊಳ್ಳದೆ ಆ ಪುಟವನ್ನು ತೀರಿಸಿದರು. ಅಂಗಡಿಯವರು ಪುಟಕ್ಕೆ ಅಡ್ಡಗೆರೆ ಎಳೆದ ದಿನ ಆಕೆ ಮನೆಗೆ ಬಂದು ನಮ್ಮವ್ವನಿಗೆ ಅದನ್ನೇ ಹೇಳಿಕೊಂಡು ಕೂತಿದ್ದರು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ತಿಂಗಳಿಗೊಮ್ಮೆ ಹಣ ಬರುತ್ತದೆ ಎಂದು ಗೊತ್ತಾದರೆ ಸಾಲ ಕೊಡುವವರಿಗೂ ಧೈರ್ಯ. ಮೈಕ್ರೋಫೈನಾನ್ಸ್ ಕಂಪನಿಗಳ ವಾರದ ಕಂತು ಕಟ್ಟಲು ಈ ಹಣ ನೆರವಾಗುತ್ತದೆ, ಹಾಗೆಯೇ ಹೊಸ ಸಾಲಕ್ಕೆ ಕೈ ಹಾಕಲೂ ಪ್ರೇರೇಪಿಸುತ್ತದೆ. ವಸೂಲಿಯ ಕಿರುಕುಳ ಮಿತಿಮೀರಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ನಗದು ನೆರವು ಹಳೆಯ ಸಾಲ ತೀರಿಸಿತೋ ಹೊಸದಕ್ಕೆ ಬಾಗಿಲು ತೆರೆಯಿತೋ ಎಂಬುದು ಮನೆಯಿಂದ ಮನೆಗೆ ಬೇರೆ.

ರಾಗಿ ಮಾರುವ ದಿನ

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದು. ಕಣದಲ್ಲಿ ರಾಗಿ ರಾಶಿಯಾದ ವಾರವೇ ವ್ಯಾಪಾರಿಯ ಗಾಡಿ ಬರುತ್ತದೆ. ಎಲ್ಲರೂ ಒಟ್ಟಿಗೆ ಮಾರುವ ಹೊತ್ತು, ಬೆಲೆ ಇಳಿದಿರುತ್ತದೆ. ಸರ್ಕಾರದ ಬೆಂಬಲ ಬೆಲೆ 2025–26ರ ಮುಂಗಾರು ಬೆಳೆಗೆ ಕ್ವಿಂಟಲ್‌ಗೆ 4,886 ರೂಪಾಯಿ. ಆದರೆ ಅದಕ್ಕೆ ಫ್ರೂಟ್ಸ್ ಐಡಿ ಎಂಬ ರೈತರ ನೋಂದಣಿ ಸಂಖ್ಯೆ ಬೇಕು, ಹೆಸರು ನೋಂದಾಯಿಸಬೇಕು, ಖರೀದಿ ಕೇಂದ್ರ ತೆರೆಯುವವರೆಗೆ ಕಾಯಬೇಕು, ಸರದಿ ಬರಬೇಕು, ಕೊಟ್ಟ ಮೇಲೆ ಹಣ ಖಾತೆಗೆ ಬರುವವರೆಗೂ ಕಾಯಬೇಕು. ಈ ಕಾಯುವುದು ಎಂಬುದೇ ಬಡವರಿಗೆ ಆಗದ ಮಾತು. ಸಾಲ ಕೊಟ್ಟವನು ಬಾಗಿಲಲ್ಲಿದ್ದಾನೆ, ಉದ್ರಿ ಪುಟ ತುಂಬಿದೆ, ಕೊಯ್ದವರಿಗೆ ಕೂಲಿ ಕೊಡಬೇಕು. ಕಣದಲ್ಲೇ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ನಮ್ಮ ಊಹೆಯ ಮನೆಯಲ್ಲಿ ಮಾರಲು ಎಂಟು ಕ್ವಿಂಟಲ್ ಇದೆ, ಕಣದ ಬೆಲೆ ಬೆಂಬಲ ಬೆಲೆಗಿಂತ 700 ರೂಪಾಯಿ ಕಡಿಮೆ ಇದೆ ಎಂದಿಟ್ಟುಕೊಳ್ಳಿ. ಕಾಯಲಾಗದೆ ಮಾರಿದ್ದಕ್ಕೆ ನಷ್ಟ 5,600. ಆ ಎರಡು ಮೂರು ತಿಂಗಳು ಮನೆಖರ್ಚು ತೂಗಿಸಲು 2,000 ರೂಪಾಯಿ ತಪ್ಪದೆ ಬಂದಿದ್ದರೆ ಅವರು ಕಾಯಬಹುದಿತ್ತು. 4,000 ಅಥವಾ 6,000 ರೂಪಾಯಿ ನೆರವು ಬಂದದ್ದರ ಜೊತೆಗೆ ಇನ್ನೊಂದು 5,600 ಕೈತಪ್ಪದೆ ಉಳಿಯುತ್ತಿತ್ತು. ಪಾಸ್‌ಬುಕ್ ನೋಡಿದವರಿಗೆ ಮೊದಲನೆಯದು ಮಾತ್ರ ಕಾಣುತ್ತದೆ. ಆಲೂಗಡ್ಡೆಯಂಥ ಬೆಳೆಯಲ್ಲಿ ಈ ಆಟ ನಡೆಯುವುದಿಲ್ಲ, ಅದು ಇಟ್ಟರೆ ಕೊಳೆಯುತ್ತದೆ. ಇಟ್ಟಷ್ಟು ದಿನ ಕೆಡದ ರಾಗಿಗೆ, ಕೊಬ್ಬರಿಗೆ ನಡೆಯುತ್ತದೆ.

ತಿಂಗಳು ತಿಂಗಳು ಬಂದರೆ ಒಂದು, ಗಂಟಾಗಿ ಬಂದರೆ ಇನ್ನೊಂದು

ಆಫ್ರಿಕಾದ ಕೀನ್ಯಾ ದೇಶದ ಪಶ್ಚಿಮ ಭಾಗದ ಹಳ್ಳಿಗಳಲ್ಲಿ 2011ರಿಂದ 2013ರವರೆಗೆ ಒಂದು ಪ್ರಯೋಗ ನಡೆಯಿತು. ಬಡ ಕುಟುಂಬಗಳಿಗೆ ಯಾವ ಷರತ್ತೂ ಇಲ್ಲದೆ ಹಣ ಕೊಟ್ಟರು. ಚೀಟಿ ಎತ್ತಿದ ಹಾಗೆ ಆರಿಸಿ ಕೆಲವರಿಗೆ ಒಂಬತ್ತು ತಿಂಗಳ ಕಂತಾಗಿ, ಕೆಲವರಿಗೆ ಒಂದೇ ಗಂಟಾಗಿ. ತಿಂಗಳ ಕಂತು ಪಡೆದವರಲ್ಲಿ ಊಟದ ಭದ್ರತೆ ಹೆಚ್ಚಾಯಿತು. ಗಂಟಾಗಿ ಪಡೆದವರು ಬಾಳಿಕೆ ಬರುವ ವಸ್ತುಗಳಿಗೆ ಹೆಚ್ಚು ಹಾಕಿದರು. ಎಷ್ಟೋ ಮನೆಗಳು ಹುಲ್ಲಿನ ಮಾಡು ತೆಗೆದು ತಗಡು ಹೊದಿಸಿಕೊಂಡವು. ಆಗಾಗ ಹುಲ್ಲು ಬದಲಿಸುವ ಖರ್ಚು ಅಲ್ಲಿಗೆ ನಿಂತಿತು. ಮಳೆಗಾಲಕ್ಕೆ ಮುಂಚೆ ಸೋಗೆಯೋ ಟಾರ್ಪಾಲೋ ಹೊದಿಸುವ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಯೋಜನೆಗಳನ್ನು ಇದರ ಪಕ್ಕ ಇಟ್ಟು ನೋಡಿ. ಗೃಹಲಕ್ಷ್ಮಿ ತಿಂಗಳ ಹಣ, ಅಡುಗೆಮನೆಗೆ ಒಗ್ಗುವಂಥದ್ದು. ಪಿಎಂ ಕಿಸಾನ್ ನಾಲ್ಕು ತಿಂಗಳಿಗೊಮ್ಮೆ 2,000ದಂತೆ ಬರುವುದು, ಒಂದು ಮೂಟೆ ಗೊಬ್ಬರಕ್ಕೋ ಬೀಜಕ್ಕೋ ಆಗುತ್ತದೆ. ಆದರೆ ಗೃಹಲಕ್ಷ್ಮಿ ಕಂತುಗಳು ತಿಂಗಳುಗಟ್ಟಲೆ ತಡವಾಗಿ, ಒಮ್ಮೊಮ್ಮೆ ಎರಡು ಕಂತು ಒಟ್ಟಿಗೆ ಬಂದದ್ದೂ ಇದೆ. ತಡವಾದರೇನು, ಬಂತಲ್ಲ ಎನ್ನಬಹುದು. ಒಟ್ಟು ಮೊತ್ತ ಅಷ್ಟೇ ಇದ್ದರೂ ಕೆಲಸ ಬೇರೆಯಾಗುತ್ತದೆ. ತಿಂಗಳ ಹಣವನ್ನು ನಂಬಿ ಉದ್ರಿ ಮಾಡಿದವರು ಆ ನಡುವೆ ಕೈಸಾಲಕ್ಕೆ ಹೋಗಿರುತ್ತಾರೆ. ಗಂಟಾಗಿ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಕೋಳಿಯೋ ಕುರಿಮರಿಯೋ ಎಂದು ಯೋಚಿಸಬಹುದಿತ್ತು. ದಿನ ಗೊತ್ತಿಲ್ಲದ ಹಣ ಎರಡು ಕಡೆಗೂ ಸಲ್ಲುವುದಿಲ್ಲ. ಮೊತ್ತದ ಬಗ್ಗೆ ಇರುವಷ್ಟು ಚರ್ಚೆ ತಾರೀಕಿನ ಬಗ್ಗೆಯೂ ಆಗಬೇಕು ಎಂದು ನನಗೆ ಬಲವಾಗಿ ಅನಿಸುವುದು ಇದಕ್ಕೇ.

ಯಾರ ಕೈಗೆ?

ಗೃಹಲಕ್ಷ್ಮಿ ಹಣ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಹೆಸರಿರುವ ಮಹಿಳೆಗೆ ಬರುತ್ತದೆ. ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಬರುವುದಿಲ್ಲ. ಯಜಮಾನಿ ಯಾರು? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ, ಪಡಿತರ ಚೀಟಿಯ ಮಟ್ಟಿಗೆ, 18 ತುಂಬಿದವರಲ್ಲಿ ಹಿರಿಯ ಹೆಂಗಸೇ ಮನೆಯ ಮುಖ್ಯಸ್ಥೆ. ಹೀಗಾಗಿ ಕೂಡಿ ಬಾಳುವ ಮನೆಯಲ್ಲಿ ಹಣ ಅತ್ತೆಯ ಖಾತೆಗೆ. ಸೊಸೆಗೆ ಸಿಗುವುದು ಅತ್ತೆ ಕೊಟ್ಟಷ್ಟು. ಯೋಜನೆ ಶುರುವಾದಾಗ ಚೀಟಿ ಬೇರೆ ಮಾಡಿಸುವ ಮಾತು ಎಷ್ಟೋ ಮನೆಗಳಲ್ಲಿ ಎದ್ದದ್ದು ಇದರಿಂದಲೇ.

ಹೆಂಗಸಿನ ಕೈಗೆ ಕೊಟ್ಟರೆ ಮಕ್ಕಳ ಹೊಟ್ಟೆಗೆ ಸೇರುತ್ತದೆ ಎಂಬ ಮಾತಿಗೆ ಆಧಾರವಿದೆ. ದಕ್ಷಿಣ ಆಫ್ರಿಕಾದಲ್ಲಿ ವೃದ್ಧಾಪ್ಯ ವೇತನ ಅಜ್ಜಿಗೆ ಬಂದ ಮನೆಗಳಲ್ಲಿ ಮೊಮ್ಮಗಳಂದಿರ ಬೆಳವಣಿಗೆ ಸುಧಾರಿಸಿತ್ತು. ತಾತನಿಗೆ ಬಂದ ಮನೆಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಆದರೆ ಮೇಲೆ ಹೇಳಿದ ಕೀನ್ಯಾದ ಪ್ರಯೋಗದಲ್ಲಿ ಹಣವನ್ನು ಗಂಡನಿಗೆ ಕೊಟ್ಟರೂ ಹೆಂಡತಿಗೆ ಕೊಟ್ಟರೂ ಖರ್ಚಿನ ರೀತಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಕಡೆಗೂ ಒಂದೇ ಸೂತ್ರ ಒಗ್ಗುವುದಿಲ್ಲ. ನಮ್ಮ ಕಡೆ ನಾನು ಕಂಡ ಮಟ್ಟಿಗೆ ಹೇಳುವುದಾದರೆ, ಹೆಂಗಸಿನ ಹೆಸರಿನ ಖಾತೆ ಎಂಬುದೇ ಒಂದು ಬಲ. ಪಾಸ್‌ಬುಕ್ ಹಿಡಿದು ಆಕೆ ಒಬ್ಬಳೇ ಹೋಬಳಿಗೆ ಹೋಗುತ್ತಾಳೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿಗೆ ಚಾರ್ಜಿಲ್ಲ. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಲು ‘ನೂರು ರೂಪಾಯಿ ಕೊಡಿ’ ಎಂದು ಗಂಡನನ್ನು ಕೇಳಿ, ಅವನು ಸಂಜೆ ಬರುವವರೆಗೆ ಕಾಯಬೇಕಿಲ್ಲ.

ಕುಡಿತ, ಸೋಮಾರಿತನ, ಬೆಲೆ ಏರಿಕೆ

ಟೀ ಅಂಗಡಿಯ ಮೂರು ಪ್ರಶ್ನೆಗಳನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಕುಡಿತಕ್ಕೆ ಹೋಗುತ್ತದೆಯೇ? ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಇಬ್ಬರು ಸಂಶೋಧಕರು ನಗದು ನೆರವಿನಿಂದ ಮದ್ಯ, ತಂಬಾಕಿನ ಖರ್ಚು ಹೆಚ್ಚುವುದಿಲ್ಲ ಎಂದು ಕಂಡರು. ಕುಡಿಯುವ ಗಂಡ ಪಾಸ್‌ಬುಕ್ ಕಿತ್ತುಕೊಳ್ಳುವ ಮನೆಗಳು ಇಲ್ಲವೆಂದಲ್ಲ. ಅವು ಇವೆ. ಒಟ್ಟು ಲೆಕ್ಕದಲ್ಲಿ ಹಣದ ಹರಿವು ಆ ಕಡೆಗಿಲ್ಲ.

ಜನ ಕೆಲಸ ಬಿಡುತ್ತಾರೆಯೇ? ಆರು ದೇಶಗಳ ಏಳು ಪ್ರಯೋಗಗಳ ಮಾಹಿತಿಯನ್ನು, ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಪರಿಶೀಲಿಸಿದರು. ನಗದು ನೆರವು ದುಡಿಮೆಯನ್ನು ತಗ್ಗಿಸುತ್ತದೆ ಎಂಬುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ತಲೆಗೆ ದಿನಕ್ಕೆ 13 ರೂಪಾಯಿಯಲ್ಲಿ ಯಾರೂ ಕೂತು ಉಣ್ಣಲಾರರು ಎಂಬುದು ನಮ್ಮ ಲೆಕ್ಕದಿಂದಲೇ ತಿಳಿಯುತ್ತದೆ. ನಮ್ಮ ದೇಶದಲ್ಲೇ, ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ 2011–12ರ ಸುಮಾರಿಗೆ ಸೇವಾ ಎಂಬ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಇಂಥ ಪ್ರಯೋಗ ನಡೆಸಿತು. ಮೊದಲಿಗೆ ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ. ಅಲ್ಲಿನ ಜನ ಅದನ್ನು ಬೀಜ, ಗೊಬ್ಬರ, ಆಡುಕುರಿಗಳಿಗೂ ಹಾಕಿದರು. ಕೂಲಿಗೆ ಹೋಗುತ್ತಿದ್ದವರು ಸ್ವಂತ ಹೊಲದಲ್ಲಿ ಹೆಚ್ಚು ದಿನ ದುಡಿದರು. ‘ಕೂಲಿಗೆ ಆಳು ಸಿಗ್ತಿಲ್ಲ’ ಎಂದು ದೊಡ್ಡ ಹಿಡುವಳಿಯವರು ಹೇಳುವುದರ ಹಿಂದೆ ಒಮ್ಮೊಮ್ಮೆ ಇಂಥ ಕಾರಣವೂ ಇರಬಹುದು.

ಬೆಲೆ ಏರುತ್ತದೆಯೇ? ಕೀನ್ಯಾದಲ್ಲೇ ಮುಂದೆ 653 ಹಳ್ಳಿಗಳನ್ನು ಒಳಗೊಂಡ ದೊಡ್ಡ ಪ್ರಯೋಗವೊಂದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಣ ಹೋಯಿತು. ಬೆಲೆ ಏರಿದ್ದು ಸರಾಸರಿ ಶೇ 0.1ರಷ್ಟು ಮಾತ್ರ. ಕೊಟ್ಟ ಒಂದೊಂದು ರೂಪಾಯಿಗೆ ಆ ಪ್ರದೇಶದ ಆರ್ಥಿಕತೆ ಎರಡೂವರೆ ರೂಪಾಯಿಯಷ್ಟು ಬೆಳೆಯಿತು, ಹಣ ಸಿಗದ ಮನೆಗಳ ಖರ್ಚೂ ಹೆಚ್ಚಿತು. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲೂ ನೀರು ಏರುವ ಹಾಗೆ. 200 ಮನೆಗಳಿಗೆ ಗೃಹಲಕ್ಷ್ಮಿ ಬರುವ ಊರಿಗೆ ತಿಂಗಳಿಗೆ 4 ಲಕ್ಷ ರೂಪಾಯಿ ಹರಿಯುತ್ತದೆ. ಅದು ದರ್ಜಿ, ದಿನಸಿ ಅಂಗಡಿ, ಹೂ ಮಾರುವವಳ ಕೈಗೂ ಹೋಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಕೀನ್ಯಾದ ಹಣ ಹೊರಗಿನಿಂದ ಬಂದ ದಾನ. ಇಲ್ಲಿ ವರ್ಷಕ್ಕೆ 28 ಸಾವಿರ ಕೋಟಿಗೂ ಹೆಚ್ಚಿನ ಮೊತ್ತ ರಾಜ್ಯದ ಬೊಕ್ಕಸದಿಂದಲೇ ಬರಬೇಕು. ಊರಿನ ಲೆಕ್ಕವೂ ರಾಜ್ಯದ ಲೆಕ್ಕವೂ ಒಂದೇ ಅಲ್ಲ.

ಅಕ್ಕಿಗೆ ಬದಲು ಹಣ ಬಂದಾಗ

ವಸ್ತು ಮತ್ತು ನಗದಿನ ವ್ಯತ್ಯಾಸವನ್ನು ಕರ್ನಾಟಕದ ಜನ ಇತ್ತೀಚೆಗೆ ಕಣ್ಣಾರೆ ಕಂಡಿದ್ದಾರೆ. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಹೊಂದಿಸಲಾಗದೆ ಸರ್ಕಾರ 2023ರ ಜುಲೈನಿಂದ ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿತು. ಮನೆಯಲ್ಲಿ ರಾಗಿ ಬೆಳೆದುಕೊಳ್ಳುವವರಿಗೆ ಆ ಹಣ ಅನುಕೂಲವಾಯಿತು, ಬೇಳೆ-ಎಣ್ಣೆಗೆ ಆಯಿತು. ಅಕ್ಕಿಯನ್ನೇ ಕೊಂಡು ಉಣ್ಣುವವರಿಗೆ ಅಂಗಡಿಯಲ್ಲಿ 34ಕ್ಕೆ ಒಳ್ಳೆಯ ಅಕ್ಕಿ ಸಿಗಲಿಲ್ಲ. ಅಕ್ಕಿಯ ಬೆಲೆ ಎಷ್ಟೇ ಏರಲಿ, 5 ಕೆಜಿ 5 ಕೆಜಿಯಾಗಿಯೇ ಇರುತ್ತದೆ. ಹಣ ಹಾಗಲ್ಲ. ಗೃಹಲಕ್ಷ್ಮಿ ಶುರುವಾದಾಗಿನ 2,000 ಅಲ್ಲೇ ನಿಂತಿದೆ, ಅದು ಕೊಳ್ಳುವ ಸಾಮಾನು ಮಾತ್ರ ವರ್ಷ ವರ್ಷ ಕುಗ್ಗುತ್ತದೆ. ವೃದ್ಧಾಪ್ಯ ವೇತನದಲ್ಲಿ 79 ವರ್ಷದವರೆಗಿನವರಿಗೆ ಕೇಂದ್ರದ ಪಾಲು ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ತಿಂಗಳಿಗೆ 200 ರೂಪಾಯಿಯೇ.

ಖಾತೆಯ ದಾರಿ ಮತ್ತು ನಮ್ಮವ್ವನ ಎಂಟು ಸಾವಿರ

ಹಣ ಹೊರಡುವುದು ಖಜಾನೆಯಿಂದ. ಇಲಾಖೆ ಕಳಿಸುವ ಪಟ್ಟಿಯಲ್ಲಿ ಇರುವುದು ಆಧಾರ್ ಸಂಖ್ಯೆ. ಆ ಆಧಾರ್‌ಗೆ ಯಾವ ಬ್ಯಾಂಕ್ ಎಂದು ತಿಳಿಸುವ ದೊಡ್ಡ ಪುಸ್ತಕವೊಂದನ್ನು ಎನ್‌ಪಿಸಿಐ ಎಂಬ ಸಂಸ್ಥೆ ಇಟ್ಟಿದೆ. ‘ಎನ್‌ಪಿಸಿಐ ಮಾಡ್ಸಿದ್ದೀರಾ?’ ಎಂದು ಬ್ಯಾಂಕಿನಲ್ಲಿ ಕೇಳುವುದು ಇದನ್ನೇ. ಊರಿನ ಪೋಸ್ಟ್‌ಮ್ಯಾನ್ ನೆನೆಸಿಕೊಳ್ಳಿ. ಕಾಗದದ ಮೇಲೆ ಹೆಸರಷ್ಟೇ ಇದೆ, ಯಾವ ಮನೆಗೆ ಹಾಕಬೇಕೆಂಬುದು ಅವನ ಚೀಟಿಯಲ್ಲಿದೆ. ಚೀಟಿಯಲ್ಲಿ ಒಬ್ಬರಿಗೆ ಒಂದೇ ಮನೆ. ನಿಮಗೆ ಮೂರು ಖಾತೆಗಳಿರಬಹುದು, ಹಣ ಹೋಗುವುದು ಕೊನೆಗೆ ಜೋಡಣೆಯಾದ ಒಂದಕ್ಕೇ.

ಇದು ಗೊತ್ತಿಲ್ಲದೆ ನಮ್ಮವ್ವ ನಾಲ್ಕು ತಿಂಗಳು ಅಲೆದಳು. ಪ್ರತಿ ಸಲವೂ ಹೋಬಳಿಯ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಕೊಟ್ಟು, ‘ಅಜ್ಜೀ, ನಿಮ್ದು ಬಂದಿಲ್ಲ’ ಎನ್ನಿಸಿಕೊಂಡು ಬರುತ್ತಿದ್ದಳು. ಮನೆಗೆ ಬಂದವಳು ಸೆರಗಿನ ತುದಿಗೆ ಗಂಟು ಹಾಕಿದ್ದ ಆಧಾರ್ ಜೆರಾಕ್ಸನ್ನು ಬಿಚ್ಚಿ ಮಡಿಕೆ ಸರಿಮಾಡಿ ಮತ್ತೆ ಪೆಟ್ಟಿಗೆಗೆ ಇಡುತ್ತಿದ್ದಳು. ಕೊನೆಗೆ ಗ್ರಾಮ ಒನ್ ಕೇಂದ್ರದ ಹುಡುಗ ಕಂಪ್ಯೂಟರಿನಲ್ಲಿ ನೋಡಿ ಹೇಳಿದ: ‘ಅವ್ವಾ, ನಿಮ್ಮ ಆಧಾರ್ ಬೇರೆ ಖಾತೆಗೆ ಲಿಂಕ್ ಆಗೈತೆ.’ ಆಗ ನೆನಪಾಯಿತು. ಹಿಂದಿನ ವರ್ಷ ಅರಳಿಕಟ್ಟೆಯ ಹತ್ತಿರ ಯಾರೋ ಕ್ಯಾಂಪ್ ಹಾಕಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೊಸ ಖಾತೆ ತೆರೆದುಕೊಟ್ಟಿದ್ದರು. ನಾಲ್ಕು ಕಂತು, 8,000 ರೂಪಾಯಿ, ಅಲ್ಲಿ ಕೂತಿತ್ತು.

ಹಣ ನಿಲ್ಲುವುದಕ್ಕೆ ಇನ್ನೂ ಕಾರಣಗಳಿವೆ. ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವ ಕೆಲಸ, ಆಗಿರುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು. ಓಟಿಪಿ ಹೋಗುವ ನಂಬರಿನ ಸಿಮ್ ಕಳೆದುಹೋಗಿದೆ. ಕೆಲಸ ಮಾಡಿ ಸವೆದ ಬೆರಳು ಯಂತ್ರಕ್ಕೆ ಹಿಡಿಯುವುದಿಲ್ಲ. ಇವೆಲ್ಲ ಪಟ್ಟಿಯೊಳಗೆ ಇರುವವರ ತೊಂದರೆ. ಪಟ್ಟಿಗೇ ಬಾರದವರು ಬೇರೆ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದು ಪೌತಿ ಖಾತೆ ಆಗದಿದ್ದರೆ ಪಿಎಂ ಕಿಸಾನ್ ಇಲ್ಲ. ಬೇರೆಯವರ ಜಮೀನನ್ನು ವಾರಕ್ಕೆ (ಬೆಳೆಯ ಪಾಲಿಗೆ), ಗುತ್ತಿಗೆಗೆ ಮಾಡುವವರಿಗೂ, ಜಮೀನೇ ಇಲ್ಲದ ಕೂಲಿಯವರಿಗೂ ಇಲ್ಲ. ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ, ಹೊರರಾಜ್ಯಗಳಿಂದ ಬಂದ ಕುಟುಂಬಗಳಿಗೆ ಇಲ್ಲಿನ ಪಡಿತರ ಚೀಟಿ ಇಲ್ಲ, ಆದ್ದರಿಂದ ಗೃಹಲಕ್ಷ್ಮಿಯೂ ಇಲ್ಲ. ನೆರವು ಎಲ್ಲರಿಗಿಂತ ಹೆಚ್ಚು ಬೇಕಾದವರ ಬಳಿ ಕಾಗದ ಎಲ್ಲರಿಗಿಂತ ಕಡಿಮೆ ಇರುತ್ತದೆ.

ನಿಮ್ಮ ಮನೆಯಲ್ಲಿ ಹಣ ನಿಂತಿದ್ದರೆ ಮೊದಲು ಗ್ರಾಮ ಒನ್ ಕೇಂದ್ರದಲ್ಲಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ನೋಡಿಸಿ. ಗೃಹಲಕ್ಷ್ಮಿಗೆ ಅಂಗನವಾಡಿ ಕಾರ್ಯಕರ್ತೆಯನ್ನು ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯನ್ನು, ಪಿಂಚಣಿಗೆ ನಾಡಕಚೇರಿಯನ್ನು, ಪಿಎಂ ಕಿಸಾನ್‌ಗೆ ರೈತ ಸಂಪರ್ಕ ಕೇಂದ್ರವನ್ನು ಕೇಳಬೇಕು. ಜನಧನ್‌ನಂಥ ಮೂಲ ಉಳಿತಾಯ ಖಾತೆಯಲ್ಲಿ ಕನಿಷ್ಠ ಇಷ್ಟು ಹಣ ಇಡಲೇಬೇಕೆಂಬ ನಿಯಮವಿಲ್ಲ, ಅದರ ಹೆಸರಿನಲ್ಲಿ ದಂಡ ಹಿಡಿದಿದ್ದರೆ ಕೇಳಿ.

ನಮ್ಮವ್ವ ಆ 8,000ದಲ್ಲಿ ಕೊಟ್ಟಿಗೆಗೆ ಶೀಟು ಹಾಕಿಸಿದಳು. ಹಸು ಈಗ ಮಳೆಯಲ್ಲಿ ನೆನೆಯುವುದಿಲ್ಲ. ‘ತಿಂಗ್ಳು ತಿಂಗ್ಳು ಬಂದಿದ್ರೆ ಹಿಟ್ಟಿಗೆ ಎಣ್ಣೆಗೆ ಹೋಗ್ಬುಡೋದು, ಹಿಂಗೆ ಬಂದಿದ್ದೇ ಒಳ್ಳೇದಾಯ್ತು ಬಿಡು’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಆ ನಾಲ್ಕು ತಿಂಗಳಲ್ಲಿ ಪಕ್ಕದ ಮನೆಯವರ ಹತ್ತಿರ ಮಾಡಿದ ಮೂರು ಸಾವಿರ ಕೈಸಾಲ ಇನ್ನೂ ಹಾಗೇ ಇದೆ ಎಂಬುದನ್ನೂ ಹೇಳಿದಳು.